ನೀಲವ್ವನ ಮುಖ ಎಳೆದದ್ದು

ಮದುವೆ ಮನೆಯ ಬ್ಯಾನರಿನಲ್ಲಿ ವರನ ಮುಖ ಅಡ್ಡಕ್ಕೆ ಹಿಗ್ಗಿದ್ದರೆ ನನಗೆ ಊಟ ಸೇರುವುದಿಲ್ಲ. ಪಕ್ಕದವರು ಹೋಳಿಗೆಗೆ ತುಪ್ಪ ಸಾಲದೆಂದು ಕೊರಗುತ್ತಿದ್ದರೆ, ನಾನು ಆ ಬಡಪಾಯಿಯ ಕೆನ್ನೆಗಳನ್ನು ಮನಸ್ಸಿನಲ್ಲೇ ಒಳಕ್ಕೆ ತಳ್ಳುತ್ತಿರುತ್ತೇನೆ. ಇದನ್ನು ನನ್ನ ಕಲಾಭಿರುಚಿ ಎಂದು ತಿಳಿದವರಿದ್ದಾರೆ. ನಾನೂ ತಿದ್ದಲು ಹೋಗಿಲ್ಲ. ನಿಜ ಹೇಳಬೇಕೆಂದರೆ ಇದರ ಬೇರು ಒಂದು ನಾಚಿಕೆಯಲ್ಲಿದೆ, ಮೂವತ್ತು ವರ್ಷ ಕಳೆದರೂ ಅದು ಆರಿಲ್ಲ.

ಆಗ ತೊಂಬತ್ತರ ದಶಕದ ಮೊದಲ ವರ್ಷಗಳು. ಕಾಶಿಯ ಹನುಮಾನ್ ಘಾಟಿನಲ್ಲಿ ನಮ್ಮ ಮನೆ. ಅಪ್ಪ ಕನ್ನಡನಾಡಿನಿಂದ ಬರುವ ಯಾತ್ರಿಕರಿಗೆ ಸಂಕಲ್ಪ, ಶ್ರಾದ್ಧ ಮಾಡಿಸುತ್ತಿದ್ದರು. ನಾನು ಅದೇ ಊರಿನ ಲಂಕಾ ಬಡಾವಣೆಯಲ್ಲಿ, ವಿಶ್ವವಿದ್ಯಾಲಯದ ಹೆಬ್ಬಾಗಿಲಿನ ಹತ್ತಿರದ ಡಿಟಿಪಿ ಅಂಗಡಿಯೊಂದಕ್ಕೆ ಸೇರಿದ್ದೆ. ನಮ್ಮ ಗಲ್ಲಿಯಲ್ಲಿ ಕಂಪ್ಯೂಟರ್ ಮುಟ್ಟಿದವಳು ನಾನೊಬ್ಬಳೇ. ಅದರ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು, ಧೂಳು ತಾಗಬಾರದು. ನಮ್ಮ ದೇವರ ಮನೆಗೂ ಅಷ್ಟು ಮಡಿ ಇರಲಿಲ್ಲ. ಎರಡು ತಿಂಗಳು ಕಲಿತದ್ದಕ್ಕೆ ನನ್ನ ನಡಿಗೆಯೇ ಬದಲಾಗಿದೆ ಎಂದು ಅಮ್ಮ ಹೇಳುತ್ತಿದ್ದಳು.

ಅಂಗಡಿಯ ಯಜಮಾನರು ಮೊದಲ ದಿನವೇ ಒಂದು ಪಾಠ ಹೇಳಿದ್ದರು. ಚಿತ್ರ ದೊಡ್ಡದು ಮಾಡುವಾಗ ಶಿಫ್ಟ್ ಕೀಲಿ ಒತ್ತಿ ಹಿಡಿದು ಮೂಲೆಯಿಂದ ಎಳೆಯಬೇಕು. ಆಗ ಅಗಲ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಉದ್ದವೂ ಹೆಚ್ಚುತ್ತದೆ. ಬದಿಯಿಂದ ಎಳೆದರೆ ಕೆಟ್ಟಿತು. ಕೇಳಿಸಿಕೊಂಡೆ, ಮರೆತೆ. ಮರೆಸಿದವನು ಗಣಪತಿ. ನಮಗೆ ಬರುತ್ತಿದ್ದ ಕೆಲಸದಲ್ಲಿ ಮುಕ್ಕಾಲು ಪಾಲು ಮದುವೆಯ ಕರೆಯೋಲೆ, ತಲೆಯ ಮೇಲೆ ಗಣಪತಿ ಇರಲೇಬೇಕು. ಅಡ್ಡಕ್ಕೆ ಎಳೆದರೆ ಅವನ ಹೊಟ್ಟೆ ಇನ್ನಷ್ಟು ತುಂಬಿದಂತೆ ಕಾಣುತ್ತಿತ್ತು, ಉದ್ದಕ್ಕೆ ಎಳೆದರೆ ಸೊಂಡಿಲಿಗೆ ಒಂದು ಗತ್ತು ಬರುತ್ತಿತ್ತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎನ್ನುವ ಗಾದೆಯಿದೆಯಲ್ಲ, ನನಗೆ ಅದೂ ಆಗಲಿಲ್ಲ. ಎಷ್ಟು ಎಳೆದರೂ ಅವನು ಗಣಪತಿಯೇ ಆಗಿ ಉಳಿಯುತ್ತಿದ್ದ, ಯಾವ ಬೀಗರೂ ದೂರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಶಿವಯ್ಯನವರು ಅಂಗಡಿಗೆ ಬಂದರು. ಕಾಶಿಯಲ್ಲಿರುವ ಕನ್ನಡದವರ ಮಠವೊಂದರ ಮೇಲ್ವಿಚಾರಕರು, ಎಪ್ಪತ್ತರ ಆಸುಪಾಸು. ಹಾವೇರಿ ಕಡೆಯ ಹಳ್ಳಿಯಿಂದ ಕೊನೆಗಾಲ ಕಳೆಯಲೆಂದು ಬಂದು ಮಠದಲ್ಲಿದ್ದ ನೀಲವ್ವ ಎಂಬ ವಿಧವೆ ಹಿಂದಿನ ದಿನ ಬೆಳಿಗ್ಗೆ ಗಂಗಾಸ್ನಾನಕ್ಕೆ ಹೋದವಳು ಮರಳಿರಲಿಲ್ಲ. ಅವಳು ಕಾಶಿಗೆ ಬಂದು ಹದಿನೈದು ದಿನ. ಓದು ಬರಹ ಇಲ್ಲ, ಹಿಂದಿಯ ಒಂದು ಮಾತೂ ಬಾರದು. ಗೋಡೆಗೆ ಹಚ್ಚಲು ಫೋಟೋ ಇರುವ ಕಾಗದ ಬೇಕೆಂದು, ಅಂಗಿಯ ಜೇಬಿನಿಂದ ಒಂದು ಪುಟ್ಟ ಫೋಟೋ ತೆಗೆದುಕೊಟ್ಟರು. ನಾನು ನೀಲವ್ವನನ್ನು ನೋಡಿದ್ದು ಆ ಫೋಟೋದಲ್ಲೇ ಮೊದಲು.

ಮೇಲೆ ‘ಗುಮ್‌ಶುದಾ ಕೀ ತಲಾಶ್’ ಎಂದು, ಅಂದರೆ ಕಾಣೆಯಾದವರ ಹುಡುಕಾಟ ಎಂದು, ದಪ್ಪಕ್ಷರ, ಕೆಳಗೆ ಮಠದ ವಿಳಾಸ, ನಡುವೆ ಉದ್ದನೆಯ ಚೌಕಟ್ಟು. ಸ್ಕ್ಯಾನ್ ಮಾಡಿದ ಫೋಟೋ ಇಟ್ಟರೆ ಕೆಳಗೆ ನಾಲ್ಕು ಬೆರಳು ಜಾಗ ಉಳಿಯಿತು. ಅದು ಬೋಳಾಗಿ ಕಂಡಿತು. ಕೆಳಗಿನ ಅಂಚು ಹಿಡಿದು ಎಳೆದೆ, ನೀಲವ್ವ ಚೌಕಟ್ಟು ತುಂಬ ನಿಂತಳು. ಶಿವಯ್ಯನವರು ಕನ್ನಡಕ ಏರಿಸಿ ನೋಡಿದರು.

“ತಂಗೀ, ನಮ್ಮ ನೀಲವ್ವಂದು ದುಂಡ ಮಾರಿ. ಇದೇನು ಸೋರೀಕಾಯಿ ಆದಂಗ ಆಗೇತಲ್ಲ?”

“ಕಂಪ್ಯೂಟರಲ್ಲಿ ಹಾಗೇ ಬರೋದು, ಅಯ್ಯನವರೇ,” ಎಂದೆ.

“ಹೌದೇನವಾ? ನನಗೇನ ತಿಳೀತದ,” ಎಂದು ಅವರು ಅಚ್ಚಾದ ಕಾಗದಗಳಲ್ಲಿ ಅರ್ಧ ಕಟ್ಟು ಹಿಡಿದು ಹೊರಟರು. ಎಳೆದದ್ದು ಕೈತಪ್ಪು ಎನ್ನಬಹುದು. ಆದರೆ ಕಂಪ್ಯೂಟರಿನ ಮೇಲೆ ಹೊರಿಸಿದ ಆ ಮಾತನ್ನು ನಾನು ಬೇಕೆಂದೇ ಆಡಿದೆ, ಅದೂ ಅವಳನ್ನು ದಿನವೂ ಕಂಡ ಕಣ್ಣುಗಳ ಎದುರಿಗೆ.

ವಿಗ್ರಹ ಕಡೆಯುವವರು ಮುಖದ ಉದ್ದವನ್ನೇ ಅಳತೆಗೋಲು ಮಾಡಿಕೊಂಡು ಮಿಕ್ಕ ಮೈಯನ್ನು ಅಳೆಯುತ್ತಾರೆ, ಅದಕ್ಕೆ ತಾಳ ಎನ್ನುತ್ತಾರೆ. ದೊಡ್ಡ ದೇವತೆಗಳಿಗೆ ಒಂಬತ್ತು ತಾಳ, ಹತ್ತು ತಾಳ; ಮುಖ ತಪ್ಪಿದರೆ ದೇವರೇ ತಪ್ಪಿದ ಹಾಗೆ. ಇದನ್ನೆಲ್ಲ ನಾನು ಓದಿದ್ದು ಆಮೇಲೆ, ಪಾಪ ಮಾಡಿದವರು ಪುರಾಣ ಕೇಳಲು ಕೂರುತ್ತಾರಲ್ಲ, ಹಾಗೆ.

ಎರಡು ದಿನ ಕಳೆದರೂ ಸುದ್ದಿಯಿಲ್ಲ. ಶಿವಯ್ಯನವರು ಘಾಟಿನಿಂದ ಘಾಟಿಗೆ ಹುಡುಕುತ್ತಿದ್ದರು. ನನಗೂ ತಡೆಯದಾಗಿ, ಉಳಿದ ಕಾಗದಗಳನ್ನೂ ಮೈದಾ ಅಂಟಿನ ಡಬ್ಬಿಯನ್ನೂ ಹಿಡಿದು ಸೋನಾರ್‌ಪುರದ ರಸ್ತೆಗೆ ಹೋದೆ. ಮಿಠಾಯಿ ಅಂಗಡಿಯ ಪಕ್ಕ ಒಳ್ಳೆಯ ಗೋಡೆಯೊಂದಿತ್ತು. ಅದಕ್ಕೊರಗಿ ಒಬ್ಬ ಮುದುಕಿ ಕುಳಿತಿದ್ದಳು, ಎದುರಿಗೆ ಯಾರೋ ಕೊಟ್ಟ ಪೂರಿಯ ದೊನ್ನೆ. “ಮಾತಾಜೀ, ಜರಾ ಹಟಿಯೇ,” ಎಂದು ಕೈಸನ್ನೆ ಮಾಡಿದೆ. ಸರಿದಳು. ಗಾಳಿಗೆ ಕಾಗದ ಹಾರತೊಡಗಿದಾಗ ತಾನೇ ಎದ್ದು ಬಂದು ಒಂದು ಮೂಲೆ ಒತ್ತಿ ಹಿಡಿದಳು. ಮಿಠಾಯಿಯವನು ಇಣುಕಿ ನೋಡಿ, ಇಷ್ಟುದ್ದ ಮುಖದವಳು ಈ ಕಡೆ ಬಂದೇ ಇಲ್ಲ ಬಿಟಿಯಾ ಎಂದು ಹಿಂದಿಯಲ್ಲಿ ಹೇಳಿ ಒಳಗೆ ಹೋದ.

ಮುದುಕಿ ಮಾತ್ರ ನೋಡುತ್ತಲೇ ನಿಂತಿದ್ದಳು. “ಪಾಪ, ಈಕೀನೂ ನನ್ನಂಗ ತಪ್ಪಿಸ್ಕೊಂಡಾಳೇನೋ. ಉಪಾಸ ಬಿದ್ದು ಮಾರಿ ಎಷ್ಟುದ್ದ ಆಗೇತಿ. ವಿಶ್ವನಾಥಾ, ಈಕಿನ್ನ ಮನೀ ಮುಟ್ಟಸಪ್ಪಾ.”

ಅಂಟಿನ ಕೈ ಹಾಗೇ ನಿಂತಿತು. “ನೀಲವ್ವ?” ಎಂದೆ.

“ಹೂನವಾ! ನೀ ಯಾರ? ಕನ್ನಡ ಬರ್ತೈತೇನ ನಿನಗ?” ಎಂದು ನನ್ನ ಅಂಟು ಕೈಗಳನ್ನು ಹಿಡಿದುಕೊಂಡು ಅತ್ತಳು. ನಾನೂ ಅತ್ತೆ. ಆ ದುಂಡು ಮುಖವನ್ನು ಪಕ್ಕಕ್ಕೆ ಸರಿಸಿದವಳು ನಾನೇ ಎಂಬುದು ತಲೆಗೆ ಹತ್ತಿ, ಭೂಮಿ ಬಾಯಿಬಿಟ್ಟರೆ ಇಳಿದುಬಿಡೋಣ ಎನ್ನಿಸಿತು.

ಆದರೂ ಹೇಳಿದೆ. “ಅವ್ವಾ, ಆ ಫೋಟೋ ನಿಮ್ಮದೇ.”

ಅವಳು ಗೋಡೆಯ ಹತ್ತಿರ ಹೋಗಿ ನೋಡಿದಳು. ಎರಡೂ ಅಂಗೈ ತನ್ನ ಕೆನ್ನೆಯ ಮೇಲೆ ಹೋದವು, ಆಮೇಲೆ ಗದ್ದಕ್ಕೆ. “ನಾಕ ದಿನದಾಗ ನಾ ಹಿಂಗಾಗೀನೇನವಾ?”

“ಇಲ್ಲ ಅವ್ವಾ, ನೀವು ಇದ್ದ ಹಾಗೇ ಇದ್ದೀರಿ. ನಾನು ಎಳೆದೆ.” ಈ ಸಲ ಕಂಪ್ಯೂಟರಿನ ಹೆಸರು ಬಾಯಿಗೆ ಬರಲಿಲ್ಲ.

“ಯಾಕ ಎಳದಿ?”

“ಕೆಳಗೆ ಜಾಗ ಖಾಲಿ ಇತ್ತು.”

“ಇದ್ರ ಇರಲೇಳು. ಯಾರ ಬೈತಿದ್ರು?”

ಯಾರೂ ಬೈಯುತ್ತಿರಲಿಲ್ಲ. ಕಾಗದ ಕಿತ್ತುಹಾಕಲು ಉಗುರು ಹಾಕಿದೆ. ಅಂಟು ಆಗಲೇ ಹಿಡಿದಿತ್ತು. ನನ್ನ ಕೆಲಸದಲ್ಲಿ ನೆಟ್ಟಗೆ ಆದದ್ದು ಅದೊಂದೇ. ನೀಲವ್ವನನ್ನು ರಿಕ್ಷಾದಲ್ಲಿ ಮಠಕ್ಕೆ ಕರೆದೊಯ್ದೆ. ಶಿವಯ್ಯನವರು ನನಗೆ ಪ್ರಸಾದ ಕೊಟ್ಟು ಕಳಿಸಿದರು, ಬೈದಿದ್ದರೆ ಹಗುರಾಗುತ್ತಿತ್ತು.

ಆ ಉದ್ದ ಮುಖದವಳು ಮಳೆಗಾಲದವರೆಗೂ ಸೋನಾರ್‌ಪುರದ ಗೋಡೆಯ ಮೇಲಿದ್ದಳು. ನಾನು ರಸ್ತೆಯ ಆಚೆ ಬದಿ ಹಿಡಿದು ತಲೆ ತಗ್ಗಿಸಿ ನಡೆಯುತ್ತಿದ್ದೆ. ನೀಲವ್ವ ನನ್ನ ಜೊತೆಗಿದ್ದರೆ ಅದೂ ನಡೆಯುತ್ತಿರಲಿಲ್ಲ. ನನ್ನ ಕೈ ಹಿಡಿದು ಗೋಡೆಯ ಎದುರಿಗೆ ನಿಲ್ಲಿಸಿ, ಹಲ್ಲಿಲ್ಲದ ಬಾಯಿ ತುಂಬ ನಗುತ್ತ ಹೇಳುತ್ತಿದ್ದಳು:

“ಈಕಿನ್ನ ಕರಕೊಂಡ ಹೋಗಾಕ ಇನ್ನೂ ಯಾರೂ ಬಂದಿಲ್ಲಲ್ಲವಾ.”