ಮ್ಯಾಗಜಿನ್ ಕಳಚಿದ ಪಿಸ್ತೂಲು

ದೆವ್ವ, ಮಾಟ, ಶಕುನದ ಮಾತು ಬಂದರೆ ನಾನು ಎದ್ದು ಹೋಗುತ್ತಿದ್ದವನು. ನಮ್ಮ ಮನೆತನದಲ್ಲಿ ಶಾಲೆಯ ಮೆಟ್ಟಿಲು ಹತ್ತಿದವನೇ ನಾನು ಮೊದಲಿಗ. ರಾಯಬಾಗದ ಹತ್ತಿರದ ಹಳ್ಳಿಯಲ್ಲಿ ಅಪ್ಪ ಕುರಿ ಕಾಯುತ್ತಿದ್ದ. ಎರಡೇ ಅಂಗಿಯಲ್ಲಿ ಮೂರು ವರ್ಷ ಚಿಕ್ಕೋಡಿಯ ಕಾಲೇಜಿಗೆ ಹೋಗಿ ಬಿ.ಎ. ಮುಗಿಸಿದೆ, ಪರೀಕ್ಷೆ ಬರೆದು ಸಬ್ ಇನ್ಸ್‌ಪೆಕ್ಟರ್ ಆದೆ. ಕಾರಣವಿಲ್ಲದೆ ಯಾವುದೂ ಆಗುವುದಿಲ್ಲ ಎಂದು ನಂಬಿದ್ದೆ. ಈಗಲೂ ಬಹಳ ಮಟ್ಟಿಗೆ ನಂಬುತ್ತೇನೆ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಾನು ಮಾಡಿದ್ದನ್ನು ಓದಿ ಉಗುಳಿದರೂ ಬೇಸರವಿಲ್ಲ.

ಎಂಬತ್ತರ ದಶಕದ ಕೊನೆ. ಕೃಷ್ಣಾ ನದಿಯ ಆಸುಪಾಸಿನ ಒಂದು ಠಾಣೆ, ಹೆಸರು ಬೇಡ. ನನಗೆ ಕೊಟ್ಟದ್ದು ಒಂದು ಒಂಬತ್ತು ಎಂ.ಎಂ. ಪಿಸ್ತೂಲು, ಮೂರು ಮ್ಯಾಗಜಿನ್. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮ್ಯಾಗಜಿನ್ ಎಂದರೆ ಹಿಡಿಕೆಯೊಳಗೆ ಕೂರುವ, ಗುಂಡು ತುಂಬಿದ ತಗಡಿನ ಉದ್ದನೆಯ ಡಬ್ಬಿ. ಗುಂಡು ಮುಗಿದ ಕೂಡಲೇ ಪಕ್ಕದ ಬಟನ್ ಒತ್ತಿದರೆ ಖಾಲಿ ಡಬ್ಬಿ ತಾನಾಗಿ ಕೆಳಗೆ ಬೀಳಬೇಕು, ಎಡಗೈ ಹೊಸದನ್ನು ಏರಿಸಬೇಕು. ನನ್ನದು ಬೀಳುತ್ತಿರಲಿಲ್ಲ. ಅರ್ಧ ಬೆರಳಿನಷ್ಟು ಜಾರಿ ನಿಂತುಬಿಡುತ್ತಿತ್ತು. ಆ ವರ್ಷದ ಗುಂಡು ಹಾರಿಸುವ ಪರೀಕ್ಷೆ ಕಲ್ಲಿನ ಖಣಿಯಲ್ಲಿ ನಡೆಯಿತು. ಮೇಲಧಿಕಾರಿಗಳ ಎದುರಿಗೆ ನಾನು ಮ್ಯಾಗಜಿನ್ನನ್ನು ಉಗುರಿನಿಂದ ಕೆಳಗೆ ಎಳೆಯುತ್ತ ನಿಂತೆ. ಹಿಂದೆ ಯಾರೋ ಮೆಲ್ಲಗೆ ಅಂದರು:

"ಸಾಹೇಬ್ರು ಕುರಿ ಹಾಲ ಹಿಂಡಾಕತ್ತಾರ ನೋಡೋ."

ಸಾಲಿಗೆ ಸಾಲೇ ನಕ್ಕಿತು. ಅಂದವನು ಯಾರೆಂದು ಗೊತ್ತಾಗಲಿಲ್ಲ. ಆ ಸಿಟ್ಟನ್ನು ನಾನು ತೀರಿಸಿಕೊಂಡದ್ದು ಪಾಯಪ್ಪನವರ ಮೇಲೆ.

ಪಾಯಪ್ಪನವರು ನಮ್ಮ ಠಾಣೆಯ ಹವಾಲ್ದಾರರು, ಆಯುಧದ ಕೋಣೆ ಅವರ ಕೈಯಲ್ಲಿತ್ತು. ಭೋಜ ಎಂಬ ಊರಿನ ಕಡೆಯ ಜೈನ ರೈತ ಮನೆತನ. ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವವರು. ಬಂದೂಕು ಒರೆಸಿ, ಬಿಚ್ಚಿ, ಜೋಡಿಸಿ ಅವರ ಬೆರಳ ತುದಿಗಳು ಕಪ್ಪಾಗಿಯೇ ಇರುತ್ತಿದ್ದವು. ನನ್ನ ಪಿಸ್ತೂಲನ್ನು ಮೇಜಿನ ಮೇಲೆ ಒಗೆದಾಗ ಅವರು ಎತ್ತಿಕೊಂಡರು.

ಮೊದಲು ಹಿಡಿಕೆಯೊಳಗೆ ಬಟ್ಟೆ ತೂರಿಸಿದರು. ಬಟ್ಟೆ ಹಳದಿಯಾಗಿ ಹೊರಗೆ ಬಂತು. ಖಂಡೇನವಮಿಯಲ್ಲಿ ಆಯುಧಗಳಿಗೆ ಪೂಜೆ ಮಾಡಿ ನಾವೇ ಕೈತುಂಬ ಎರಚಿದ ಅರಿಶಿನದ ಭಂಡಾರ ಒಳಗಿಳಿದು ಎಣ್ಣೆಯ ಜೊತೆ ಅಂಟಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದರು. ಸ್ವಲ್ಪ ಸುಧಾರಿಸಿತು, ಆದರೆ ಬೀಳಲಿಲ್ಲ. ಮೂರೂ ಮ್ಯಾಗಜಿನ್ನಿಗೆ ಬಿಳಿ ಬಣ್ಣದಲ್ಲಿ ನಂಬರು ಹಾಕಿ, ಖಾಲಿ ಇದ್ದಾಗ ಒಮ್ಮೆ, ತುಂಬಿದಾಗ ಒಮ್ಮೆ, ಒಂದೊಂದನ್ನೇ ಇಳಿಸಿ ನೋಡಿದರು. ಎರಡನೆಯದರ ಹೊಟ್ಟೆ ಉಬ್ಬಿತ್ತು; ಒಳಗೆ ಕಟ್ಟಿಗೆ ತುಂಡು ಕೊಟ್ಟು ಮೆಲ್ಲಗೆ ತಟ್ಟಿ ಸರಿಮಾಡಿದರು. ಬಟನ್ನಿನ ಸ್ಪ್ರಿಂಗ್ ಬದಲಿಸಿದರು. ಕೊನೆಗೆ ಎಲ್ಲಿ ಉಜ್ಜುತ್ತದೆ ನೋಡಲು ಡಬ್ಬಿಗೆ ಕಾಡಿಗೆ ಸವರಿದರು. ಕಾಡಿಗೆ ಅಳಿಸಿದ್ದು ಒಂದೇ ಕಡೆ, ಮುಂಭಾಗದಲ್ಲಿ, ಟ್ರಿಗರಿನ ಹಿಂದೆ.

"ಸಾಹೇಬ್ರ, ಇದು ಕೆಟ್ಟಿಲ್ರಿ," ಎಂದರು ಪಾಯಪ್ಪ. "ಮಾಡಿದಾವ್ರ ಹಿಂಗ ಮಾಡ್ಯಾರ."

ಟ್ರಿಗರಿನ ಹಿಂದೆ ಒಂದು ಸಣ್ಣ ತುಂಡಿತ್ತು. ಅದು ಮ್ಯಾಗಜಿನ್ನನ್ನು ಒತ್ತಿ ಹಿಡಿಯುತ್ತಿತ್ತು. ಮ್ಯಾಗಜಿನ್ ಒಳಗಿದ್ದರೆ ಮಾತ್ರ ಟ್ರಿಗರ್ ಕೆಲಸ ಮಾಡಬೇಕು, ಹೊರಗೆ ತೆಗೆದರೆ ನಳಿಕೆಯಲ್ಲಿ ಒಂದು ಗುಂಡು ಉಳಿದಿದ್ದರೂ ಪಿಸ್ತೂಲು ಹಾರಬಾರದು ಎಂದು ಮಾಡಿದ ವ್ಯವಸ್ಥೆ ಅದು.

ಆ ವ್ಯವಸ್ಥೆ ನನಗೆ ಚೆನ್ನಾಗಿ ಗೊತ್ತಿತ್ತು. ಅದರ ಮೇಲೆ ನನ್ನದೊಂದು ಆಟವೇ ನಡೆಯುತ್ತಿತ್ತು. ಬಾಯಿ ಬಿಡದ ಆರೋಪಿಯ ಎದುರಿಗೆ ಪಿಸ್ತೂಲಿನ ಸ್ಲೈಡ್ ಎಳೆದು ನಳಿಕೆಗೆ ಗುಂಡು ಏರಿಸುವುದು. ಮೇಜಿನ ಕೆಳಗೆ ಕೈಯಿಟ್ಟು ಮ್ಯಾಗಜಿನ್ ಕಳಚಿಕೊಳ್ಳುವುದು. ಆಮೇಲೆ ಅವನ ಹಣೆಗೆ ಹಿಡಿದು ಟ್ರಿಗರ್ ಎಳೆಯುವುದು. ಪಿಸ್ತೂಲು ಹಾರುತ್ತಿರಲಿಲ್ಲ. ಆರೋಪಿ ಮಾತ್ರ ಮುದುಡಿ ಬೀಳುತ್ತಿದ್ದ, ಪೇದೆಗಳು ನಗುತ್ತಿದ್ದರು. ಆ ನಗು ನನಗೆ ಹಿಡಿಸುತ್ತಿತ್ತು.

"ಆ ತುಂಡ ತಗದ ಒಗಿ," ಎಂದೆ.

"ಬ್ಯಾಡ್ರಿ ಸಾಹೇಬ್ರ. ತಗದ್ರ ಡಬ್ಬಿ ಸಳಕ್ಕನ ಬೀಳತೈತಿ, ಖರೆ. ಆದ್ರ ನಿಮ್ಮದು ಆ ಆಟ ಐತಲ್ರಿ, ಅದರಾಗ ಯಾವನರ ಒಬ್ಬಾಂವ ಸಾಯ್ತಾನ."

ಪೇದೆಗಳ ಎದುರಿಗೇ ಅಂದುಬಿಟ್ಟರು.

"ಎಷ್ಟನೇತ್ತಾ ಓದೀಲೇ ನೀ?"

"ನಾಕನೇತ್ತಾರಿ."

"ಬಿ.ಎ. ಆದಾಂವ್ಗ ಬುದ್ಧಿ ಹೇಳಾಕ ಬಂದಿ?"

ಅವರು ನನಗಿಂತ ಇಪ್ಪತ್ತೈದು ವರ್ಷ ಹಿರಿಯರು. ಎರಡೂ ಕೈಯಿಂದ ರೈಫಲನ್ನು ತಲೆಯ ಮೇಲೆ ಎತ್ತಿ ಹಿಡಿಸಿ ಅಂಗಳದ ಬಿಸಿಲಿನಲ್ಲಿ ನಿಲ್ಲಿಸಿದೆ. ಕೈ ಇಳಿದಾಗಲೆಲ್ಲ ಮೊಣಕೈಗೆ ಲಾಠಿ ತಾಗಿಸಿದೆ. ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲವೆಂದು ಗೊತ್ತಿತ್ತು. ಗೊತ್ತಿದ್ದೇ ಹೊತ್ತು ಮುಳುಗುವವರೆಗೆ ಬಿಡಲಿಲ್ಲ.

ಮರುದಿನ ಅವರು ನನ್ನ ಕಣ್ಣೆದುರಿಗೇ ತುಂಡನ್ನು ಬಿಚ್ಚಿ ನನ್ನ ಅಂಗೈಯಲ್ಲಿ ಇಟ್ಟರು. ಅದನ್ನು ಲಕೋಟೆಗೆ ಹಾಕಿ, ಅರಗು ಒತ್ತಿ, ನನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈ ನನ್ನ ಉಡದಾರದಲ್ಲಿರುತ್ತಿತ್ತು. ಖಣಿಗೆ ಹೋಗಿ ನೋಡಿದೆ. ಮ್ಯಾಗಜಿನ್ ಬಟನ್ ಒತ್ತಿದ ಕೂಡಲೇ ನೆಲಕ್ಕೆ ಬೀಳುತ್ತಿತ್ತು. ಮ್ಯಾಗಜಿನ್ ಇಲ್ಲದೆ ಟ್ರಿಗರ್ ಎಳೆದರೆ ಗುಂಡೂ ಹಾರುತ್ತಿತ್ತು. ಪಾಯಪ್ಪನವರ ಮುಖ ನೋಡಲಾಗದೆ, ಮೇಲೆ ಹೇಳಿ, ಅವರನ್ನು ಅಥಣಿ ಕಡೆಯ ಒಂದು ಹೊರಠಾಣೆಗೆ ಹಾಕಿಸಿದೆ.

ನಾಲ್ಕು ತಿಂಗಳು ಕಳೆದವು, ಆ ಆಟಕ್ಕೆ ಸಂದರ್ಭ ಬರಲಿಲ್ಲ. ಅಂಕಲಿಯ ಕಡೆ ನದಿ ದಂಡೆಯಿಂದ ನೀರೆತ್ತುವ ಮೋಟರುಗಳು ಕಳುವಾಗತೊಡಗಿದವು. ಒಂದು ಮಧ್ಯಾಹ್ನ ಪೇದೆಗಳು ಒಬ್ಬ ಕುರಿಗಾರನನ್ನು ಎಳೆದು ತಂದರು. ಸಿದ್ದಪ್ಪ ಅನ್ನೋಣ. ದಂಡೆಯಲ್ಲಿ ಕುರಿ ತರುಬಿ ಬೀಡುಬಿಟ್ಟಿದ್ದ, ಅವನ ಮೇಲೆ ಇದ್ದ ಸಾಕ್ಷಿ ಅಷ್ಟೇ. ನನ್ನನ್ನು ಕಂಡದ್ದೇ ಅವನ ಮುಖ ಅರಳಿತು.

"ನೀವು ನಮ್ಮ ಬೀರಪ್ಪಣ್ಣನ ಮಗಾ ಅಲ್ಲೇನ್ರಿ? ಅಯ್ಯ, ನಿಮ್ಮಪ್ಪಾ ನಾ ಕೂಡೇ ಕುರಿ ಹೊಡಕೊಂಡ ಅಡ್ಯಾಡೀವ್ರಿ. ಸಣ್ಣಾವ ಇದ್ದಾಗ ನಿಮ್ಮನ್ನ ಹೆಗಲ ಮ್ಯಾಲ ಹೊತ್ತೇನ್ರಿ ನಾ!"

ಗೋಡೆಗೆ ಒರಗಿದ್ದ ಪೇದೆ ಪಕ್ಕದವನಿಗೆ, ನನಗೆ ಕೇಳುವ ಹಾಗೆಯೇ, ಅಂದ: "ಬೀಗ್ರು ಬಂದಾರ, ಕಂಬಳಿ ಹಾಸ್ರೆಪಾ."

ಓದಿ, ಹಸಿದು, ಕಷ್ಟಪಟ್ಟು ನಾನು ಯಾವುದನ್ನು ಊರಲ್ಲಿ ಬಿಟ್ಟು ಬಂದಿದ್ದೆನೋ ಅದು ಕಂಬಳಿ ಹೊದ್ದು ಎದುರಿಗೆ ಕೂತು ಹಲ್ಲು ಕಿರಿಯುತ್ತಿತ್ತು. ಅವನು ಕಳ್ಳನೋ ಅಲ್ಲವೋ ನನಗೆ ಬೇಕಿರಲಿಲ್ಲ. ಆ ಬಾಯಿ ಮುಚ್ಚಬೇಕಿತ್ತು. ಸ್ಲೈಡ್ ಎಳೆದೆ. ಮೇಜಿನ ಕೆಳಗೆ ಬಟನ್ ಒತ್ತಿದೆ. ಮ್ಯಾಗಜಿನ್ ಸಳಕ್ಕನೆ ಅಂಗೈಗೆ ಬಿತ್ತು. ಎಷ್ಟು ಚೆನ್ನಾಗಿ ಬಿತ್ತೆಂದು ಖುಷಿಯಾದದ್ದು ನೆನಪಿದೆ. ಅದು ಹಾಗೆ ಬಿದ್ದದ್ದೇ ನನ್ನನ್ನು ಎಚ್ಚರಿಸಬೇಕಿತ್ತು. ಎಚ್ಚರಿಸಲಿಲ್ಲ.

ಹಣೆಗೆ ಹಿಡಿದು ಟ್ರಿಗರ್ ಎಳೆದೆ. ಅದು ಸಡಿಲವಾಗಿ ಹಿಂದಕ್ಕೆ ಹೋಯಿತು. ಹಿಂತುದಿಯಲ್ಲಿ ಗುಂಡಿಗೆ ಬಡಿಯುವ ಸುತ್ತಿಗೆ ಅಲುಗಲಿಲ್ಲ. ಇನ್ನೊಮ್ಮೆ ಎಳೆದೆ. ಮತ್ತೊಮ್ಮೆ. ಸಿದ್ದಪ್ಪ "ಯಪ್ಪಾ" ಎಂದ, ಧೋತರದಲ್ಲೇ ಉಚ್ಚೆ ಹೊಯ್ದುಕೊಂಡ. ಪೇದೆಗಳು ನಕ್ಕರು. ನಾನೂ ನಕ್ಕೆ. ನಗುತ್ತಿರುವಾಗ ನೆನಪಾಯಿತು: ಆ ತುಂಡು ಪಿಸ್ತೂಲಿನಲ್ಲಿರಲಿಲ್ಲ.

ಪಿಸ್ತೂಲನ್ನು ಹಾಗೆಯೇ ಹಿಡಿದು, ಮ್ಯಾಗಜಿನ್ ಹಾಕದೆ, ಗುಂಡು ತೆಗೆಯದೆ, ಠಾಣೆಯ ಹಿಂದಿನ ಮಣ್ಣಿನ ದಿಬ್ಬದ ಹತ್ತಿರ ಹೋಗಿ ಎಳೆದೆ. ಮೊದಲ ಸಲಕ್ಕೇ ಹಾರಿತು. ಪಿಸ್ತೂಲು ಅದೇ, ಗುಂಡು ಅದೇ, ನಡುವೆ ಕಳೆದದ್ದು ಐದು ನಿಮಿಷವೂ ಅಲ್ಲ. ಮನೆಗೆ ಹೋಗಿ ಟ್ರಂಕು ತೆಗೆದೆ. ಲಕೋಟೆಯ ಅರಗು ಒಡೆದಿರಲಿಲ್ಲ. ಒಳಗೆ ತುಂಡು ಇತ್ತು.

ಇದು ಪಾಯಪ್ಪನದೇ ಏನೋ ಕಿತಾಪತಿ ಎಂದು ನನ್ನ ಓದಿದ ಬುದ್ಧಿ ಹೇಳಿತು. ಮರುದಿನ ಕರೆಸಿದೆ. ಪಿಸ್ತೂಲನ್ನು ನನ್ನೆದುರಿಗೆ ಬಿಚ್ಚಿ ತೋರಿಸಿದರು. ತುಂಡಿನ ಜಾಗ ಖಾಲಿ. ಕಸವಿಲ್ಲ, ತುಕ್ಕಿಲ್ಲ, ಏನೂ ಸಿಕ್ಕಿಕೊಂಡಿಲ್ಲ. ನಡೆದದ್ದನ್ನು ಹೇಳಿ, ಏನು ಮಾಡಿದ್ದಿ ಎಂದು ಗದರಿದೆ.

"ನಾ ಏನೂ ಮಾಡಿಲ್ರಿ," ಎಂದರು. "ನನ್ನ ಕೈಯಾಗ ಏನರ ಇದ್ದಿದ್ರ ಈ ಪಿಸ್ತೂಲ ನಿಮ್ಮ ಕೈಯಾಗ ಇರತಿದ್ದಿಲ್ಲ."

ಆಮೇಲೆ, ಆ ಮನುಷ್ಯ ಎಲ್ಲಿದ್ದಾನೆ, ಏನಾದರೂ ತಿಂದಿದ್ದಾನೋ ಎಂದು ಕೇಳಿದರು. ಅವನು ಇನ್ನೂ ಲಾಕಪ್ಪಿನಲ್ಲಿದ್ದ, ಅದೇ ಧೋತರದಲ್ಲಿ. ತುಂಡನ್ನು ಅವರ ಕೈಯಿಂದಲೇ ಮತ್ತೆ ಕೂರಿಸಿಕೊಂಡೆ. ಅವರನ್ನು ಮಾತ್ರ ಮರಳಿ ಕರೆಸಿಕೊಳ್ಳಲಿಲ್ಲ. ಅವರು ಆ ಹೊರಠಾಣೆಯಲ್ಲೇ ನಿವೃತ್ತರಾದರು. ಮೋಟರು ಕದ್ದವರು ಬೇರೆ ಯಾರೋ ಎಂದು ಗೊತ್ತಾದ ಮೇಲೆ ಸಿದ್ದಪ್ಪನನ್ನು ಬಿಟ್ಟೆ.

ಆಮೇಲೆ ಗುಂಡು, ಪಿಸ್ತೂಲು ಬಲ್ಲವರನ್ನು ಸುತ್ತಿ ಬಳಸಿ ಕೇಳಿದ್ದೇನೆ. ಆ ತುಂಡು ಇಲ್ಲದಿದ್ದರೆ ಹಾರಲೇಬೇಕು, ಮೊದಲ ಸಲ ಎಳೆದಾಗಲೇ ಸುತ್ತಿಗೆ ಬೀಳಬೇಕು ಎನ್ನುತ್ತಾರೆ. ಅದು ನನಗೂ ಗೊತ್ತು.

ತೊಂಬತ್ತರ ದಶಕದಲ್ಲಿ ಒಮ್ಮೆ ನಿಪ್ಪಾಣಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಚಹಾದ ಅಂಗಡಿಯಿಂದ ಯಾರೋ ಕೂಗಿದರು. ಸಿದ್ದಪ್ಪ. ಜೊತೆಗೆ ಅವನ ಅಳಿಯ, ಊರಿನ ಇಬ್ಬರು. ಕೈ ಹಿಡಿದು ಒಳಗೆ ಕೂರಿಸಿದ.

"ಇವ್ರ ನೋಡ್ರೆಪಾ ಆ ಸಾಹೇಬ್ರು! ಖಾಲಿ ಪಿಸ್ತೂಲ ಹಿಡದ ಹೆದರಿಸಿದ್ರು ನನ್ನ. ಡಬ್ಬಿ ಕೈಯಾಗ ಇಟಗೊಂಡಾರ, ನನಗೇನ ಗೊತ್ತು? ಧೋತರ ತೋಯಿಸಿಕೊಂಡ್ಯಾ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನೇ ಎಲ್ಲರಿಗಿಂತ ಹೆಚ್ಚು ನಕ್ಕ. "ಖಾಲಿ ಇತ್ತಲ್ರಿ?" ಎಂದು ಅಳಿಯ ನನ್ನ ಕಡೆ ತಿರುಗಿ ಕೇಳಿದ. ಹೌದು, ಖಾಲಿ ಇತ್ತು ಎಂದೆ. ಸಿದ್ದಪ್ಪ ನನ್ನ ಕಪ್ಪಿನ ಬಸಿಗೆ ಇನ್ನಷ್ಟು ಚಹಾ ಸುರಿದ, ಕುಡಿದೆ.

ಅಂದು ಅದು ಯಾಕೆ ಹಾರಲಿಲ್ಲವೋ ನನಗೆ ಇನ್ನೂ ತಿಳಿದಿಲ್ಲ. ನಳಿಕೆಯ ಎದುರಿಗೆ ಕೂತು ಅದನ್ನು ಕಂಡವನು ಅವನೊಬ್ಬನೇ. ಅವನನ್ನು ಕೇಳಬೇಕೆಂದರೆ, ಅದು ಹಾರಬೇಕಿತ್ತು ಎಂದು ಮೊದಲು ಹೇಳಬೇಕು.