ನುಗ್ಗೆಸೊಪ್ಪಿನ ಪಥ್ಯ

ಮಕ್ಕಳೇ, ಹೋದ ವಾರ ನೀವು ಮನೆಯ ಗುಂಪಿನಲ್ಲಿ ಹಾಕಿದ ವಿಡಿಯೋ ನೋಡಿದೆ. ಮೂರ್ಛೆ ರೋಗಕ್ಕೆ ಯಾವುದೋ ಸೊಪ್ಪಿನ ರಸ ಕುಡಿದರೆ ಸಾಕು, ಗುಳಿಗೆ ಬೇಕಾಗಿಲ್ಲ ಎಂದು ಒಬ್ಬ ಗಡ್ಡದವನು ಹೇಳುತ್ತಿದ್ದ. ನಿಮ್ಮ ಅತ್ತೆಗೆ ಒಳ್ಳೆಯದಾಗಲಿ ಎಂದೇ ನೀವು ಹಾಕಿದ್ದು. ಅವಳೂ ನೋಡಿದಳು. ನೋಡಿ ಫೋನನ್ನು ಬೋರಲು ಇಟ್ಟು, "ಹುಡುಗ್ರಿಗೆ ಬೈಬ್ಯಾಡ ಅವ್ವಾ, ಅವಕ್ಕ ಗೊತ್ತಿಲ್ಲ. ನೀನ ಹೇಳು," ಎಂದಳು. ನಾಲ್ಕು ಜನರೆದುರು ಮಾತಾಡುವುದು ನನ್ನಿಂದ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವಳ ಬಲಗೈಯ ಎರಡು ಬೆರಳು ಯಾಕೆ ಮಡಚುವುದಿಲ್ಲ ಎಂದು ನೀವು ಸಣ್ಣವರಿದ್ದಾಗ ಕೇಳಿದ್ದಿರಿ. ರೊಟ್ಟಿಯ ಹಂಚಿನ ಮೇಲೆ ಬಿದ್ದಳು ಎಂದಷ್ಟೇ ಹೇಳಿ ಮುಗಿಸಿದ್ದೆವು. ಬಿದ್ದದ್ದು ನಿಜ. ಯಾಕೆ ಬಿದ್ದಳು ಎಂಬುದನ್ನು ಹೇಳಿರಲಿಲ್ಲ.

ಅವಳಿಗೆ ಹೈಸ್ಕೂಲು ಮುಗಿಯುವ ಹೊತ್ತಿಗೆ ಮೂರ್ಛೆ ಶುರುವಾಯಿತು. ಹುಬ್ಬಳ್ಳಿಯ ಡಾಕ್ಟರು ಬರೆದುಕೊಟ್ಟ ಗುಳಿಗೆಯಿಂದ ಅದು ನಿಂತಿತು. ಆದರೆ ವರ್ಷಗಳು ಕಳೆದಂತೆ ಅದೇ ಗುಳಿಗೆಯಿಂದ ಕೈ ನಡುಗತೊಡಗಿತು. ಬೇರೆಯವರಿಗಾದರೆ ಅದೇನು ದೊಡ್ಡದಲ್ಲ, ಚಹದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದರಾಯಿತು. ಅವಳದು ಕಸೂತಿಯ ಕೈ. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ, ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿ ಹಾಕಬೇಕು. ಒಂದು ಎಳೆ ತಪ್ಪಿದರೆ ನವಿಲಿನ ಕತ್ತು ಸೊಟ್ಟಗಾಗುತ್ತದೆ. ದುರ್ಗದಬೈಲಿನ ಸೀರೆ ಅಂಗಡಿಯವರು ಒಳ್ಳೆಯ ಇಳಕಲ್ ಸೀರೆಗಳನ್ನು ಅವಳಿಗೇ ತೆಗೆದಿಡುತ್ತಿದ್ದರು. ನಡುಕ ಬಂದ ಮೇಲೆ ಅವಳು ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಬೇರೆ ಗುಳಿಗೆಗೆ ಬದಲಿಸಬಹುದು, ಆದರೆ ನಿಧಾನವಾಗಿ ಮಾಡಬೇಕು, ಮುಂದಿನ ಸಲ ಬಂದಾಗ ನೋಡೋಣ ಎಂದು ಡಾಕ್ಟರು ಹೇಳಿದ್ದರು.

ಒಂದು ದಿನ ಊಟಕ್ಕೆ ಕುಳಿತಾಗ ಅವಳು ಅಂದಳು: "ಅಪ್ಪಾ, ಮೊದಲ ಎಂದಾರ ಒಮ್ಮೆ ಬೀಳ್ತಿದ್ದೆ. ಈಗ ದಿನಾ ಬೀಳಾಕತ್ತೇನಿ, ಎಚ್ಚರಿದ್ದಾಗನ."

ನಿಮ್ಮ ಅಜ್ಜ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದುಹೋದರು.

ಅದೇ ದಿನಗಳಲ್ಲಿ ನಮ್ಮ ಮಾಳಿಗೆಯ ಕೋಣೆಗೆ ಒಬ್ಬ ಹುಡುಗಿ ಬಾಡಿಗೆಗೆ ಬಂದಳು. ಔಷಧ ತಯಾರಿಕೆ ಕಲಿಸುವ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಒಂದು ಮುಂಜಾನೆ ಹಿತ್ತಲಿಗೆ ಬಂದು ನುಗ್ಗೆಯ ಗಿಡ ನೋಡುತ್ತ ನಿಂತಳು.

"ಕಾಕೂ, ಸ್ವಲ್ಪ ಸೊಪ್ಪು ಹರಕೊಳ್ಳೇನ್ರಿ? ಇಲಿಗೋಳಿಗೆ ಬೇಕಾಗೇತಿ."

"ಇಲಿಗೋಳಿಗೆ ಪಲ್ಲೆ ಮಾಡಿ ಹಾಕ್ತೀ ಏನವಾ?" ಅಜ್ಜ ಬಾಗಿಲಿನಿಂದಲೇ ಕೇಳಿದರು. "ಹಂಗಾರ ನಮ್ಮ ಅಡಗಿಮನ್ಯಾಗಿನವನ್ನೂ ಕರಕೊಂಡ ಹೋಗು. ಅವೇನ್ ಪಾಪ ಮಾಡ್ಯಾವು?"

ಸೊಪ್ಪನ್ನು ಮಾಳಿಗೆಯ ನೆರಳಿನಲ್ಲಿ ನನ್ನ ಹಳೆಯ ಸೀರೆಯ ಮೇಲೆ ಒಣಹಾಕಿದಳು. ಸಂಜೆ ಚಹಕ್ಕೆ ಕರೆದಾಗ ತನ್ನ ಕೆಲಸ ಏನೆಂದು ಹೇಳಿದಳು. ಇಲಿಗಳಿಗೆ ಬೇಕೆಂದೇ ಮೂರ್ಛೆ ಬರಿಸುತ್ತಾರಂತೆ. ಕೆಲವಕ್ಕೆ ಬರೀ ಗುಳಿಗೆಯ ಔಷಧ, ಕೆಲವಕ್ಕೆ ಬರೀ ಸೊಪ್ಪಿನ ಸಾರ, ಕೆಲವಕ್ಕೆ ಎರಡನ್ನೂ ಕೊಟ್ಟು ನೋಡುತ್ತಾರಂತೆ.

"ಗಣಪ್ಪನ ವಾಹನಕ್ಕ ಇಂಥಾ ಗತಿ ತಂದ್ರೇನು," ಎಂದರು ಅಜ್ಜ.

"ನನಗೂ ಕೆಟ್ಟ ಅನಸತೈತ್ರಿ ಕಾಕಾ. ಆದ್ರ ಮೊದಲನ ಮನಷ್ಯಾರ ಮ್ಯಾಲೆ ನೋಡಾಕ ಬರೂದಿಲ್ಲಲ್ರಿ." ಆಮೇಲೆ ಅಜ್ಜನಿಗೆ ತಿಳಿಯಲೆಂದು ಹೇಳಿದಳು: "ಫಿಟ್ಸ್ ಬಂದಾಗ ಮಿದುಳಿನಾಗ ಒಂಥರಾ ತುಕ್ಕು ಹಿಡದಂಗ ಆಗತೈತ್ರಿ. ಗುಳಿಗಿ ಫಿಟ್ಸ್ ತಡೀತೈತಿ. ಸೊಪ್ಪಿನ್ಯಾಗ ಇರೂದು ಆ ತುಕ್ಕು ತಡೀತೈತೇನು ಅಂತ ನೋಡಾಕತ್ತೇವಿ. ಎರಡೂ ಜೋಡಿ ಕೊಟ್ರ, ಗುಳಿಗಿ ಕಡಿಮಿ ಹಾಕಿದ್ರೂ ನಡದೀತೇನೋ."

ಅಜ್ಜ ಲಕಮನಹಳ್ಳಿಯ ಕಾರ್ಖಾನೆಯಲ್ಲಿ ಲೇಥ್ ಮೇಲೆ ಕೆಲಸ ಮಾಡಿದವರು. ತುಕ್ಕು ಎಂದರೆ ಅವರಿಗೆ ಬೇರೆ ವಿವರಣೆ ಬೇಕಾಗಿರಲಿಲ್ಲ. ನೆಟ್ಟಗೆ ಕುಳಿತು, "ಗುಳಿಗಿ ಕಡಿಮಿ ಹಾಕಿದ್ರೂ?" ಎಂದು ಕೇಳಿದರು.

"ಇಲಿಗೆ ರೀ. ಮನಷ್ಯಾರ ಮಾತು ಇನ್ನೂ ಭಾಳ ದೂರ ಐತಿ. ಅಕ್ಕಾರ ಗುಳಿಗಿ ಮಾತ್ರ ಮುಟ್ಟಬ್ಯಾಡ್ರಿ."

ಈ ಮಾತನ್ನು ಅವಳು ಹೇಳಿದಳು. ನಾನು ಚಹ ಸೋಸುತ್ತಿದ್ದೆ, ನನ್ನ ಕಿವಿಯಾರೆ ಕೇಳಿದ್ದೇನೆ. ಅವಳ ಮೇಲೆ ಯಾರೂ ತಪ್ಪು ಹೊರಿಸಬಾರದು.

ನಿಮ್ಮ ಅಜ್ಜನ ಅಜ್ಜಿ ತಮ್ಮೂರಿನಲ್ಲಿ ಕಾಮಾಲೆಗೆ ಔಷಧ ಕೊಡುತ್ತಿದ್ದವರು. ಆ ಮನೆಯಲ್ಲಿ ಬೆಳೆದವರಿಗೆ ಸೊಪ್ಪು ಔಷಧವಾಗುವುದು ಪಥ್ಯದಿಂದ. ಬದನೆಕಾಯಿ ಬೇಡ, ಹುಳಿ ಬೇಡ, ಮುಖ್ಯವಾಗಿ ದವಾಖಾನೆಯ ಗುಳಿಗೆ ಬೇಡ. ಎರಡು ಔಷಧ ಒಂದೇ ಹೊಟ್ಟೆಗೆ ಹೋದರೆ ಜಗಳಾಡುತ್ತವೆ ಎಂಬುದು ಅವರ ನಂಬಿಕೆ. ಆ ಹುಡುಗಿಯ ಕೆಲಸವೆಲ್ಲ ಎರಡನ್ನೂ ಜೊತೆಗೆ ಕೊಡುವುದರ ಮೇಲೆ ನಿಂತಿತ್ತು. ನಮ್ಮ ಮನೆಯ ರೂಢಿ ನಿಂತದ್ದೇ ಎರಡನ್ನೂ ಕೂಡಿಸಬಾರದೆಂಬುದರ ಮೇಲೆ.

ಮುಂಜಾನೆ ಬರಿಹೊಟ್ಟೆಯಲ್ಲಿ ಮಗಳಿಗೆ ನುಗ್ಗೆಸೊಪ್ಪಿನ ರಸ ಶುರುವಾಯಿತು. ಅವಳ ತಟ್ಟೆಯಿಂದ ಬದನೆಕಾಯಿ ಹೋಯಿತು, ಸಾರಿನ ಹುಣಸೆಹುಳಿ ಹೋಯಿತು.

"ಆ ಹುಡುಗಿ ಇಲಿಗೂ ಪಥ್ಯ ಇಟ್ಟಾಳೇನ್ರಿ?" ಎಂದು ನಾನು ಕೇಳಿದೆ.

"ಪಥ್ಯ ಇಲ್ಲಂದ್ರ ಅದು ಔಷಧ ಅಲ್ಲ, ಬರೇ ನುಗ್ಗಿ ಪಲ್ಲೆ," ಎಂದರು.

ಗುಳಿಗೆಯೂ ಪಥ್ಯದಲ್ಲಿ ಸೇರಿದೆ ಎಂಬುದು ಅಪ್ಪ ಮಗಳಿಗೆ ಮಾತ್ರ ಗೊತ್ತಿತ್ತು. ನಾನು ನೋಡಿದರೆ ಹಟ ಹಿಡಿದೇನು ಎಂದು, ದಿನದ ಗುಳಿಗೆಯನ್ನು ಅವಳು ಪಟ್ಟಿಯಿಂದ ಬಿಡಿಸಿ ನುಗ್ಗೆಯ ಬುಡಕ್ಕೆ ಎಸೆಯುತ್ತಿದ್ದಳಂತೆ.

ಕೆಲವು ದಿನಗಳಲ್ಲೇ ಅವಳ ಕೈ ನಡುಗುವುದು ಕಡಿಮೆಯಾಯಿತು. ಒಂದು ಮಧ್ಯಾಹ್ನ, ಸೆರಗಿನ ಮೇಲೆ ಪೂರ್ತಿ ಮಾಡಿದ ನವಿಲನ್ನು ತಂದು ಅಪ್ಪನ ತೊಡೆಯ ಮೇಲೆ ಹಾಕಿದಳು. ಅವರು ಕನ್ನಡಕ ಏರಿಸಿ, ಸೆರಗನ್ನು ಅತ್ತ ಇತ್ತ ತಿರುವಿ, "ಇದರ ಒಳಮೈ ಯಾವ್ದವಾ, ಹೊರಮೈ ಯಾವ್ದು?" ಎಂದರು.

"ಅಪ್ಪಾ, ಅದು ತಿಳೀಬಾರದು ಅಂತನ ಇಷ್ಟೆಲ್ಲಾ ಕಣ್ಣು ಕಳಕೊಳ್ಳೂದು."

ಇಬ್ಬರೂ ನಕ್ಕರು. ನನಗೆ ಹೆಚ್ಚು ನೋವಾಗುವುದು ಆ ಮಧ್ಯಾಹ್ನ ನೆನಪಾದಾಗ. ಅಷ್ಟು ಸಂತೋಷ ನಮ್ಮ ಮನೆಯಲ್ಲಿ ಆಮೇಲೆ ಬರಲೇ ಇಲ್ಲ.

ಅದಾದ ಸ್ವಲ್ಪ ದಿನಕ್ಕೆ, ಮುಂಜಾನೆ ಅವಳು ರೊಟ್ಟಿ ಬೇಯಿಸುತ್ತಿದ್ದಳು. ನಾನು ಹಾಲು ತೆಗೆದುಕೊಳ್ಳಲು ಹೊರಗೆ ಹೋಗಿದ್ದೆ. ಏನೋ ಬಿದ್ದ ಸಪ್ಪಳ ಕೇಳಿ ಓಡಿ ಬಂದರೆ ಅವಳು ಒಲೆಯ ಕಟ್ಟೆಗೆ ಒರಗಿ ಅದುರುತ್ತಿದ್ದಳು, ಬಲಗೈ ಕಾದ ಹಂಚಿನ ಮೇಲಿತ್ತು. ಎಳೆದುಕೊಂಡೆ. ಮಾಳಿಗೆಯ ಹುಡುಗಿ ಇಳಿದು ಬಂದು ಅವಳನ್ನು ಮಗ್ಗುಲಾಗಿ ಮಲಗಿಸಿದಳು. ಒಂದು ಮೂರ್ಛೆ ಬಿಡುವ ಮೊದಲೇ ಇನ್ನೊಂದು ಬಂತು. ಆಟೋದಲ್ಲಿ ಹುಬ್ಬಳ್ಳಿ ಮುಟ್ಟುವವರೆಗೂ ನಿಮ್ಮ ಅಜ್ಜ ಅವಳ ತಲೆಯನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದರು.

ಡಾಕ್ಟರು ಗುಳಿಗೆಯ ಬಗ್ಗೆ ಕೇಳಿದರು. ನಾನು, ತಪ್ಪದೆ ತಗೊಳ್ತಾಳ್ರಿ ಎಂದೆ. ಆಗ ಅಜ್ಜ ಬಾಯಿ ಬಿಟ್ಟರು.

"ಇಲ್ರಿ. ನಾನ ಬಿಡಿಸಿದೆ. ಪಥ್ಯ ಅಂತ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಅಜ್ಜನಿಗೆ ಹಗುರಾಗುತ್ತಿತ್ತೇನೋ. "ಒಮ್ಮಿಂದೊಮ್ಮೆಲೇ ಬಿಟ್ರ ಹಿಂದಿಗಿಂತ ಜೋರ್ ಬರತೈತ್ರಿ ಯಜಮಾನ್ರ. ಜೀವ ಉಳೀತು, ಅಷ್ಟಕ್ಕ ಸಮಾಧಾನ ಮಾಡ್ಕೋರಿ," ಎಂದಷ್ಟೇ ಹೇಳಿದರು.

ಹೊರಗೆ ಬೆಂಚಿನ ಮೇಲೆ ಆ ಹುಡುಗಿ ಅಳುತ್ತ ಕುಳಿತಿದ್ದಳು. "ಕಾಕಾ, ನಾ ಜೋಡಿ ಅಂದಿದ್ದೆ."

"ಹೌದವಾ, ಜೋಡಿ ಅಂದಿ. ನೀ ಅಂದದ್ದು ಕೇಳೇನಿ. ನಮ್ಮಜ್ಜಿ ಅಂದದ್ದು ಮೊದಲ ಕೇಳಿದ್ನಲ್ಲ."

ಆ ಹುಡುಗಿ ಮುಂದೆ ಹಾಸ್ಟೆಲ್ಲಿಗೆ ಹೋದಳು. ಹೋಗುವಾಗ ನನ್ನ ಕಾಲು ಮುಟ್ಟಿದಳು. ನಮ್ಮ ಗಿಡದ ಸೊಪ್ಪನ್ನು ಮತ್ತೆ ಕೇಳಲಿಲ್ಲ. ಅವಳ ಇಲಿಗಳಿಗೆ ಗುಣವಾಯಿತೋ ಇಲ್ಲವೋ, ಆ ಸೊಪ್ಪು ಮನುಷ್ಯರವರೆಗೆ ಬಂತೋ ಇಲ್ಲವೋ, ನನಗೆ ತಿಳಿಯದು.

ಮುಂದೆ ಡಾಕ್ಟರು ಮೊದಲು ಹೇಳಿದ್ದಂತೆಯೇ ನಿಧಾನವಾಗಿ ಗುಳಿಗೆ ಬದಲಿಸಿದರು. ನಡುಕ ಹೋಯಿತು. ಸ್ವಲ್ಪ ಕಾದಿದ್ದರೆ ಸಾಕಿತ್ತು. ನಡುಕ ಹೋಗುವ ಹೊತ್ತಿಗೆ ಸೂಜಿ ಹಿಡಿಯುವ ಬೆರಳು ಮಡಚುತ್ತಿರಲಿಲ್ಲ. ಈಗ ಅವಳು ಓಣಿಯ ಹುಡುಗಿಯರಿಗೆ ಕಸೂತಿ ಹೇಳಿಕೊಡುವುದನ್ನು ನೀವು ನೋಡಿದ್ದೀರಿ. "ಬಾಯಿ ಮುಚಗೊಂಡು ಎಳಿ ಎಣಸ್ರಿ," ಎಂದು ಗದರಿಸುತ್ತಾಳೆ. ತಾನು ಮಾತ್ರ ಸೂಜಿ ಮುಟ್ಟುವುದಿಲ್ಲ.

ನಿಮ್ಮ ಅಜ್ಜನಿಗೆ ಬದನೆಕಾಯಿ ಎಣ್ಣೆಗಾಯಿ ಎಂದರೆ ಪ್ರಾಣ. ದವಾಖಾನೆಯಿಂದ ಬಂದ ಮೇಲೆ ಅದನ್ನು ಮುಟ್ಟಲಿಲ್ಲ. ಬಡಿಸಲು ಹೋದರೆ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತಿದ್ದರು. "ಯಾಕ್ರಿ?" ಎಂದರೆ, "ಹೊಟ್ಟಿಗೆ ಆಗೂದಿಲ್ಲ," ಅನ್ನುತ್ತಿದ್ದರು. ಮಗಳು ಒಂದು ಸಲ, "ಅಪ್ಪಾ, ನನ್ನ ಪಥ್ಯ ಬಿಟ್ಟು ಎಷ್ಟ ದಿನಾತು, ನೀ ಯಾಕ ಹಿಡದಿ?" ಎಂದು ಕೇಳಿಬಿಟ್ಟಳು. ಅವರು ನೀರು ಕುಡಿದು ಎದ್ದರು. ಸಾಯುವತನಕ ಹಾಗೇ ನಡೆಯಿತು.

ಅವರು ತೀರಿಕೊಂಡ ವರ್ಷ, ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆಗೆ, ನೀವೂ ಬಂದಿದ್ದಿರಿ. ಎಡೆಗೆ ಏನು ಮಾಡಲಿ ಎಂದು ನಾನು ಯೋಚಿಸುತ್ತಿರುವಾಗಲೇ ಮಗಳು ಎಳೆಯ ಬದನೆಕಾಯಿ ತಂದು ಎಡಗೈಯಿಂದ ಸೀಳತೊಡಗಿದ್ದಳು. ಎಣ್ಣೆಗಾಯಿಯನ್ನು ಫೋಟೋದ ಮುಂದಿಟ್ಟು, "ಪಥ್ಯ ಮುಗೀತಪ್ಪಾ, ಉಣ್ಣು," ಎಂದಳು. ಆಮೇಲೆ ಎಂದಿನಂತೆ ತನ್ನ ಗುಳಿಗೆ ನುಂಗಿ ನೀರು ಕುಡಿದಳು.

ನಿಮಗೂ ಬಡಿಸಿದ್ದೆವು. ಖಾರ ಆಗೇತಿ ಎಂದು ನೀವಿಬ್ಬರೂ ಅರ್ಧಕ್ಕೇ ಬಿಟ್ಟಿರಿ.