ಎಡಗೈಯಲ್ಲಿ ಕೊಟ್ಟ ಸೀರೆ

ಆನೆಗೊಂದಿಯ ಹೊಳೆ ದಂಡೆಯಲ್ಲಿ ಹರಿಗೋಲು ನಡೆಸುತ್ತಿದ್ದ ವೆಂಕೋಬನ ಮೇಲೆ ಅವನ ಹೆಂಡತಿ ಹುಲಿಗವ್ವನಿಗೆ ಒಂಬತ್ತು ವರ್ಷದ ಸಿಟ್ಟೊಂದಿತ್ತು. ಅದನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ. ಆಡಿದ್ದರೆ ಕೇಳಿದವರು ನಕ್ಕುಬಿಡುತ್ತಿದ್ದರು.

ಹುಲಿಗವ್ವ ಹದಿನೇಳಕ್ಕೇ ಮೊದಲ ಗಂಡನನ್ನು ಕಳೆದುಕೊಂಡವಳು. ಅವರ ಜನದಲ್ಲಿ ಅಂಥವಳಿಗೆ ಮತ್ತೆ ಸಂಸಾರ ಕಟ್ಟಿಕೊಡಲು ಉಡಿಕಿ ಎಂಬ ದಾರಿಯುಂಟು. ಅದಕ್ಕೆ ಬಾಜಾ ಭಜಂತ್ರಿ ಇಲ್ಲ, ಹಂದರವಿಲ್ಲ. ನಾಲ್ಕು ಜನ ಹಿರಿಯರ ಮುಂದೆ ಗಂಡು ಒಂದು ಹೊಸ ಸೀರೆ ಕೊಡಬೇಕು, ಹೆಣ್ಣು ಒಳಗೆ ಹೋಗಿ ಅದನ್ನು ಉಟ್ಟು ಬರಬೇಕು, ಅಲ್ಲಿಗೆ ಮುಗಿಯಿತು. ವೆಂಕೋಬ ಆ ಸೀರೆಯನ್ನು ಎಡಗೈಯಲ್ಲಿ ಕೊಟ್ಟ. ಹಿರಿಯರಲ್ಲೊಬ್ಬ ಕೆಮ್ಮಿದ. ವೆಂಕೋಬ ಗಾಬರಿಬಿದ್ದು ಬಲಗೈ ಚಾಚುವಷ್ಟರಲ್ಲಿ ಸೀರೆ ಅವಳ ಕೈ ಸೇರಿತ್ತು.

ವೆಂಕೋಬ ಎಡಚ, ಇದು ಊರಿಗೇ ಗೊತ್ತು. ಆದರೆ ಅವನ ತಾಯಿ ಚಿಕ್ಕಂದಿನಲ್ಲಿ ಬಡಿದು ಬಡಿದು ಬಲಗೈ ರೂಢಿ ಮಾಡಿಸಿದ್ದಳು. ಗುಡಿಯಲ್ಲಿ ಪ್ರಸಾದ ಬಲಗೈಯಲ್ಲಿ, ಗೌಡರಿಗೆ ಎಲೆ ಅಡಿಕೆ ಬಲಗೈಯಲ್ಲಿ, ಹರಿಗೋಲು ಹತ್ತುವ ಗುರುತಿಲ್ಲದ ಮುದುಕಿಗೂ ಆಸರೆ ಬಲಗೈಯಲ್ಲಿ. ಹುಲಿಗವ್ವ ಇದನ್ನೆಲ್ಲ ಸೂಕ್ಷ್ಮವಾಗಿ ನೋಡುತ್ತಿದ್ದಳು. ಮನೆಯಲ್ಲಿ ಅವಳಿಗೆ ಮೀನು ಕೊಟ್ಟರೂ ಎಡಗೈ, ನೀರು ಕೊಟ್ಟರೂ ಎಡಗೈ. ಉಡಿಕಿಯವಳಿಗೆ ಇಷ್ಟು ಸಾಕು ಎಂದುಕೊಂಡಿದ್ದಾನೆ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ವೆಂಕೋಬನ ಬಾಯಿಂದ ದಿನಕ್ಕೆ ಹತ್ತು ಮಾತು ಬಿದ್ದರೆ ಹೆಚ್ಚು, ಹಾಗಾಗಿ ಆ ತೀರ್ಮಾನವನ್ನು ಅಳಿಸುವವರೂ ಇರಲಿಲ್ಲ.

ಹೀಗಿರುವಾಗ ಕುಷ್ಟಗಿಯಿಂದ ಅವಳ ಅಣ್ಣ ಯಮನೂರ ಬಂದ. ಅಲ್ಲಿ ಎಣ್ಣೆ ಗಾಣದಲ್ಲಿ ಕೆಲಸ ಮಾಡುತ್ತಿದ್ದ ಅವನಿಗೆ ಹೆಂಡತಿ ತೀರಿಕೊಂಡು ತಿಂಗಳಾಗಿತ್ತು, ಎರಡು ಸಣ್ಣ ಮಕ್ಕಳು.

"ಹುಲಿಗಿ, ನೀ ಬಂದು ನಿಂತರ ನನ್ನ ಮನಿ ಉಳಿತೈತಿ ನೋಡವ್ವ. ನಿನಗೇನು ಮಕ್ಕಳಿಲ್ಲ, ಮರಿ ಇಲ್ಲ. ಉಡಿಕಿ ಬಿಟ್ಟು ಬಂದರ ಯಾರೂ ಏನೂ ಅನ್ನಂಗಿಲ್ಲ. ಅಮಾಸಿ ಆದ ಮ್ಯಾಲೆ ಬಂಡಿ ತರ್ತೀನಿ."

ಅಂದು ಸಂಜೆ ಹುಲಿಗವ್ವ ಗಂಡನನ್ನು ಕೇಳಿದಳು: "ಅಣ್ಣ ಕರಿಯಾಕತ್ಯಾನ. ಹೋಗಲೇನ್ರಿ?"

ವೆಂಕೋಬ ಹರಿಗೋಲಿನ ತೊಗಲಿಗೆ ಡಾಂಬರು ಬಳಿಯುತ್ತಿದ್ದ. ತಲೆ ಎತ್ತಲಿಲ್ಲ. "ಕೂಸುಗಳು ಸಣ್ಣವು ಅದಾವ. ಹೋಗು," ಎಂದ.

ಬೇಡ ಅನ್ನಲಿಲ್ಲ, ಯಾವಾಗ ಬರುತ್ತಿ ಅಂತಲೂ ಕೇಳಲಿಲ್ಲ. ಮರುದಿನ ಹರಿಗೋಲಿಗೆ ಬಿದಿರು ತರುತ್ತೇನೆಂದು ಹೇಳಿ ಹೋದವನು ನಾಲ್ಕು ದಿನ ಬರಲೂ ಇಲ್ಲ. ಬಂದಾಗ ಕೈಯಲ್ಲಿ ಬಿದಿರೂ ಇರಲಿಲ್ಲ. ಹುಲಿಗವ್ವ ಗಂಟು ಕಟ್ಟತೊಡಗಿದಳು.

ಪಕ್ಕದ ಮನೆಯ ಮಾಶಾಬಿಗೆ ಗೆಳತಿ ಊರು ಬಿಡುವ ಸುದ್ದಿ ಕೇಳಿ ಅಳುವೇ ಬಂತು. ಹೋಗುವ ಮುಂಚೆ ಒಂದು ಸಿನಿಮಾನಾದರೂ ನೋಡು ಎಂದು, ಗಂಡ ಬಡೇಸಾಬನ ಬಂಡಿಯಲ್ಲಿ ಕೂಡಿಸಿಕೊಂಡು ಅವಳನ್ನು ಗಂಗಾವತಿಗೆ ಕರೆದುಕೊಂಡು ಹೋದಳು. ೧೯೪೩ರ ಮಾತು. ದೂರದ ಮಹಾಯುದ್ಧದ ದೆಸೆಯಿಂದ ಸೀಮೆಎಣ್ಣೆಗೆ ಪರದಾಟವಿದ್ದರೂ ಅಲ್ಲೊಂದು ಟೂರಿಂಗ್ ಟಾಕೀಸು ಬಂದು ಡೇರೆ ಹಾಕಿತ್ತು. ಗಂಡಸರ ಕಣ್ಣಿಗೆ ಬೀಳದ ಗೋಷಾದ ಹೆಂಗಸರೂ ಬರಲೆಂದು ಡೇರೆಯವನು ಪರದೆಯ ಹಿಂದೆ ಹೆಂಗಸರಿಗೆ ಜಾಗ ಮಾಡಿದ್ದ. ಆಗಾಗ ಪರದೆಗೆ ನೀರು ಎರಚುತ್ತಿದ್ದರು, ಒದ್ದೆ ಬಟ್ಟೆಯಲ್ಲಿ ಚಿತ್ರ ಹಿಂದಕ್ಕೂ ಹಾಯುತ್ತಿತ್ತು. ಹಿಂದಿನಿಂದ ನೋಡಿದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಓದು ಬಲ್ಲವರಿಗೆ ಅಕ್ಷರಗಳು ತಿರುಗುಮುರುಗಾಗಿ ಕಂಡು ವಿಷಯ ತಿಳಿಯುತ್ತಿತ್ತು. ಹುಲಿಗವ್ವನಿಗೆ ಓದೂ ಬರುತ್ತಿರಲಿಲ್ಲ, ಸಿನಿಮಾವೂ ಅದೇ ಮೊದಲು.

ಸಿನಿಮಾ ಹಿಂದೂಸ್ತಾನಿಯದು, ಮಾಶಾಬಿ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದಳು. ಹೇಳಲು ಹೆಚ್ಚೇನೂ ಇರಲಿಲ್ಲ. ರೈಲು ಗೇಟು ಕಾಯುವ ಒಬ್ಬ ನಡುವಯಸ್ಸಿನವ, ಅವನ ಹೆಂಡತಿ. ಅವನು ಗೇಟು ಹಾಕುತ್ತಾನೆ, ತೆಗೆಯುತ್ತಾನೆ, ಲಾಟೀನು ಒರೆಸುತ್ತಾನೆ. ರಾಜನಿಲ್ಲ, ಕತ್ತಿ ಕಾಳಗವಿಲ್ಲ. ಹಾಡು ಒಂದೇ ಒಂದು, ಅದನ್ನೂ ಯಾರೋ ಭಿಕ್ಷುಕ ಹಾಡಿಕೊಂಡು ಹೋಗಿಬಿಡುತ್ತಾನೆ. ಮುಂದೆ ಕುಳಿತ ಗಂಡಸರು ಶಿಳ್ಳೆ ಹೊಡೆದರು, ಬೈದರು. "ಏ ಗೇಟ್ ತೆಗಿಯಪಾ, ನಾವು ಮನಿಗೆ ಹೊಂಟೀವಿ!" ಎಂದು ಒಬ್ಬ ಕೂಗಿದ, ಡೇರೆಯೆಲ್ಲ ನಕ್ಕಿತು. ಅರ್ಧ ಜನ ಎದ್ದೂ ಹೋದರು.

ಹುಲಿಗವ್ವ ಏಳಲಿಲ್ಲ. ಗೇಟಿನವ ಎಡಚನಾಗಿದ್ದ.

ನಡುವೆ ಅವನ ಹೆಂಡತಿಗೆ ಜ್ವರ ಬಂತು. ಅವನು ಗಂಜಿ ಕಾಸಿ, ಊದಿ ಊದಿ ಆರಿಸಿ, ಅವಳ ಬಾಯಿಗೆ ಹಿಡಿದ, ಎಡಗೈಯಲ್ಲಿ. ಹುಲಿಗವ್ವ ಕಾದು ನೋಡಿದಳು, ಈಗ ಇವಳು ಮುಖ ತಿರುಗಿಸುತ್ತಾಳೆ ಎಂದು. ಅವಳು ತಿರುಗಿಸಲಿಲ್ಲ. ಕುಡಿದಳು. ಕುಡಿದು, ಆ ಕೈಯನ್ನೇ ಎಳೆದುಕೊಂಡು ಕೆನ್ನೆಯ ಕೆಳಗಿಟ್ಟುಕೊಂಡು ಮಲಗಿದಳು. ಅವಳಿಗೆ ಅದು ಎಡಗೈ ಅಂತ ಕಂಡೇ ಇರಲಿಲ್ಲ, ಅವನ ಕೈ ಅಂತ ಕಂಡಿತ್ತು. ಹುಲಿಗವ್ವ ಸೆರಗು ಬಾಯಿಗೊತ್ತಿಕೊಂಡಳು. ಊರ ಮುಂದೆ ಮಾಡುವುದನ್ನೆಲ್ಲ ವೆಂಕೋಬ ತಾಯಿ ಬಡಿದು ಕಲಿಸಿದ ಕೈಯಲ್ಲಿ ಮಾಡುತ್ತಾನೆ. ತನ್ನ ಮುಂದೆ ಮಾತ್ರ ಅವನಿಗೆ ಏಟಿನ ನೆನಪಿರುವುದಿಲ್ಲ. ಹಿರಿಯರು ಕೂತಿದ್ದ ಆ ದಿನವೂ ಅವನಿಗೆ ಹಿರಿಯರು ಕಂಡಿರಲಿಲ್ಲ. ಇಷ್ಟು ತಿಳಿಯಲು ತನಗೆ ಒಂಬತ್ತು ವರ್ಷ ಹಿಡಿಯಿತಲ್ಲ ಎಂದು ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು.

ಎರಡು ದಿನ ಬಿಟ್ಟು ಬಡೇಸಾಬ ಅಂಗಳದಲ್ಲಿ ಎತ್ತಿಗೆ ನೀರು ಕುಡಿಸುತ್ತ ಸಿನಿಮಾದವನಿಗೆ ಇನ್ನೂ ಬೈಯುತ್ತಿದ್ದ. ಹುಲಿಗವ್ವ ತಡೆಯಲಾರದೆ, "ಹಂಗನಬ್ಯಾಡ್ರಿ ಅಣ್ಣಾರ, ಆ ಎಡಚ ಭಾಳ ಛಲೋ ಮನಿಷಾ," ಎಂದಳು.

"ಎಡಚ? ಯಾವ ಎಡಚ?" ಬಡೇಸಾಬ ಕಣ್ಣು ಕಿರಿದು ಮಾಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಯವ್ವಾ, ನೀವು ಪಡದೆ ಹಿಂದ ಕುಂತಿದ್ರಿ. ಹಿಂದಿನಿಂದ ನೋಡಿದರ ಎಲ್ಲಾರೂ ಎಡಚರ! ಅಂವ ನನ್ನಂಗ, ನಿಮ್ಮಂಗ, ಬಲಗೈಯವ."

ಹುಲಿಗವ್ವನ ಮುಖ ಸಣ್ಣದಾಯಿತು. ನೋಡಿದ್ದು ಸುಳ್ಳಾದರೆ ಅದರಿಂದ ತಿಳಿದದ್ದೂ ಸುಳ್ಳೇ ಅಲ್ಲವೇ? ಅಮಾವಾಸ್ಯೆ ಆಗಲೇ ಕಳೆದಿತ್ತು, ನಾಳೆ ಅಣ್ಣನ ಬಂಡಿ ಬರುವುದಿತ್ತು. ಅವಳು ಕೊಡ ಎತ್ತಿಕೊಂಡು ಹೊಳೆಗೆ ಹೋದಳು. ನೀರು ನೆಪ.

ವೆಂಕೋಬ ಏಳೆಂಟು ಜನರನ್ನು ಕೂಡಿಸಿಕೊಂಡು ಆಚೆ ದಂಡೆಯಿಂದ ಬರುತ್ತಿದ್ದ. ಹುಟ್ಟುಗೋಲು ಬಲಗೈಯ ರೂಢಿಯಲ್ಲಿ ನಡೆದಿತ್ತು. ನಡುಹೊಳೆಯ ಬಂಡೆಯ ಹತ್ತಿರ ನೀರು ಹರಿಗೋಲನ್ನು ಸೆಳೆಯಿತು, ಅದು ಗಿರ್ರನೆ ತಿರುಗಿತು, ಒಳಗಿನ ಹೆಂಗಸರು ಕೂಗಿಕೊಂಡರು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ವೆಂಕೋಬ ಹುಟ್ಟನ್ನು ಎಡಗೈಗೆ ಬದಲಿಸಿದ್ದ. ನಾಲ್ಕು ಎಳೆತಕ್ಕೆ ಹರಿಗೋಲು ಸುಳಿ ದಾಟಿತು. ದಂಡೆಗೆ ಬಂದವನು ಮತ್ತೆ ಬಲಗೈ ಚಾಚಿ ಒಬ್ಬೊಬ್ಬರನ್ನೇ ಇಳಿಸಿದ. ಜೀವದ ಹೊತ್ತಿಗೆ ಅವನು ನಂಬಿದ ಕೈಯೇ ತನಗೆ ಮೀನು, ನೀರು ಕೊಡುವ ಕೈ. ಸಿನಿಮಾದವನು ಯಾವ ಕೈಯವನಾದರೆ ನನಗೇನು ಎಂದುಕೊಂಡು ಹುಲಿಗವ್ವ ಮನೆಗೆ ಬಂದು ಗಂಟು ಬಿಚ್ಚಿದಳು. ಕೊಡದಲ್ಲಿ ನೀರು ತುಂಬಿಸುವುದನ್ನೂ ಮರೆತಿದ್ದಳು.

ಮರುದಿನ ಯಮನೂರ ಬಂಡಿ ತಂದ. ಹುಲಿಗವ್ವ ಅವನಿಗೆ ರೊಟ್ಟಿ ಬಡಿಸಿ, ನೆಟ್ಟಗೆ ಹೇಳಿದಳು: "ಅಣ್ಣಾ, ಸಿಟ್ಟಾಗಬ್ಯಾಡ. ನಾ ಬರಂಗಿಲ್ಲ. ಕೂಸುಗಳನ್ನ ಇಲ್ಲಿ ತಂದುಬಿಡು, ನನ್ನ ಕಣ್ಣಿನಂಗ ನೋಡ್ಕೋತೀನಿ. ಗಂಡನ್ನ ಬಿಟ್ಟು ಬರಾಕ ನನ್ನ ಕೈಲಿ ಆಗಂಗಿಲ್ಲ."

ಯಮನೂರ ತುತ್ತನ್ನು ಕೈಯಲ್ಲೇ ಹಿಡಿದು ಅವಳನ್ನೂ ಬಾಗಿಲಲ್ಲಿ ಕುಳಿತ ವೆಂಕೋಬನನ್ನೂ ನೋಡಿದ. "ಗಂಡನ್ನ ಬಿಟ್ಟು ಬಾ ಅಂತ ಈಗ ಯಾರು ಅಂದಾರವ್ವ? ಅಂವ ಅಮಾಸಿ ಮುಂದ ಕುಷ್ಟಗಿತನಕ ನಡಕೊಂಡು ಬಂದು, ಗಾಣದಾಗ ಎತ್ತು ಹೊಡಿಯೋ ಕೆಲಸ ಕೇಳಿ, ಗೊತ್ತು ಮಾಡಿ ಹೋಗ್ಯಾನ. ತನ್ನ ಹರಿಗೋಲು, ಹೊಳಿ ದಾಟಿಸೋ ಪಾಳಿ ಎಲ್ಲಾ ಒಡಹುಟ್ಟಿದ ತಮ್ಮಗ ಬಿಟ್ಟುಕೊಡ್ತೀನಿ ಅಂದಾನ. ನಿನಗ ಹೇಳಿಲ್ಲೇನು?"

ಬಿದಿರು ಯಾಕೆ ಬರಲಿಲ್ಲ ಎಂಬುದು ಹುಲಿಗವ್ವನಿಗೆ ಆಗ ತಿಳಿಯಿತು. ಹೊಳೆ ಬಿಟ್ಟರೆ ಬೇರೆ ಗೊತ್ತಿಲ್ಲದ ಮನುಷ್ಯ, ಹೊಳೆಯೇ ಇಲ್ಲದ ಊರಿಗೆ ಬಾಯಿ ಬಿಡದೆ ಹೊರಟಿದ್ದ. ಅವಳಿಗೆ ಅಳು ಉಕ್ಕಿ ಬಂತು, ಅದರ ಹಿಂದೆಯೇ ಕೋಪವೂ ಬಂತು.

"ನಾ ಕೇಳಿದಾಗ ಇದನ್ನ ಹೇಳಾಕ ಏನಾಗಿತ್ತು ನಿಮಗ?"

ತನ್ನದೇನು ತಪ್ಪು ಎಂದು ವೆಂಕೋಬನಿಗೆ ನಿಜಕ್ಕೂ ತಿಳಿದಿರಲಿಲ್ಲ.

"ನೀ ಹೋಗಲೇನು ಅಂತ ಕೇಳಿದಿ," ಎಂದ. "ನನ್ನ ಜೋಡಿ ಬರತೀರೇನು ಅಂತ ಕೇಳಲಿಲ್ಲ."